ಕಂದು ರೋಗದ ಮೇಲೆ ಪಿಎಚ್.ಡಿ.: ಮಂಡ್ಯದ ಹಸುಗಳ ಮೇಲೆ ಮಾಡೋದಾದ್ರೆ ಯಾವ ವಿಭಾಗ, ಯಾವ ಲ್ಯಾಬ್, ಎಷ್ಟು ಸ್ಯಾಂಪಲ್?

ಮದ್ದೂರು_ಸೀಮೆ
ಎಲ್ರಿಗೂ ನಮಸ್ಕಾರ. ಎಂ.ವಿ.ಎಸ್ಸಿ. ಮೈಕ್ರೋಬಯಾಲಜಿ ಕೊನೇ ಸೆಮಿಸ್ಟರ್. ಮುಂದೆ ದನಗಳ ಸಾಂಕ್ರಾಮಿಕ ರೋಗದಲ್ಲೇ ಪಿಎಚ್.ಡಿ. ಮಾಡ್ಬೇಕು ಅಂತಿದೀನಿ. ಮನಸ್ಸಲ್ಲಿರೋ ವಿಷಯ ಮಂಡ್ಯ ಜಿಲ್ಲೆಯ ಹಾಲಿನ ಹಸುಗಳಲ್ಲಿ ಕಂದು ರೋಗ, ಅಂದ್ರೆ ಬ್ರುಸೆಲ್ಲೋಸಿಸ್ (ಬ್ರುಸೆಲ್ಲಾ ಬ್ಯಾಕ್ಟೀರಿಯಾದಿಂದ ಹಸು ಕಂದು ಹಾಕೋ, ಅಂದ್ರೆ ಗರ್ಭಪಾತ ಆಗೋ ರೋಗ). ರಕ್ತ ತೆಗೆದು ಪರೀಕ್ಷೆ ಮಾಡೋದು, ಪಾಸಿಟಿವ್ ಬಂದ ಹಸುಗಳಿಂದ ಬ್ಯಾಕ್ಟೀರಿಯಾ ಬೆಳೆಸೋದು, ಆಮೇಲೆ ಅದರ ಜೀನೋಮ್ ನೋಡೋದು. 385 ಸ್ಯಾಂಪಲ್ ಸಾಕು ಅಂತ ಲೆಕ್ಕ ಹಾಕಿದೀನಿ. "ಸಾಂಕ್ರಾಮಿಕ ರೋಗಗಳು" ಅನ್ನೋ ಹೆಸರಿನ ವಿಭಾಗ ನಮ್ಮ ಕಡೆ ಎಲ್ಲೂ ಕಾಣ್ತಿಲ್ಲ, ಯಾವುದಕ್ಕೆ ಅರ್ಜಿ ಹಾಕಲಿ? ಮೂರು ವರ್ಷದಲ್ಲಿ ಮುಗಿಯುತ್ತಾ?

ಹೆಬ್ಬಾಳದ_ಹಳಬ
ಆ ಹೆಸರಿನ ವಿಭಾಗ ಹುಡುಕಬೇಡಿ. ನಮ್ಮಲ್ಲಿ ಸಾಂಕ್ರಾಮಿಕ ರೋಗ ನಾಲ್ಕೈದು ವಿಭಾಗಕ್ಕೆ ಹಂಚಿಹೋಗಿದೆ. ರೋಗಾಣುವಿನ ಮೇಲೆ ಕೆಲಸ ಅಂದ್ರೆ ಮೈಕ್ರೋಬಯಾಲಜಿ. ಜಿಲ್ಲೆಯಲ್ಲಿ ಎಷ್ಟಿದೆ, ಯಾಕೆ ಹರಡುತ್ತೆ, ಜನಕ್ಕೆ ಹೇಗೆ ದಾಟುತ್ತೆ ಅನ್ನೋದು ಪಬ್ಲಿಕ್ ಹೆಲ್ತ್ ಮತ್ತು ಎಪಿಡೆಮಿಯಾಲಜಿ. ಚಿಕಿತ್ಸೆ, ತಡೆ ಅಂದ್ರೆ ಮೆಡಿಸಿನ್. ಅಂಗಾಂಶದಲ್ಲಿ ಏನಾಗುತ್ತೆ ಅಂದ್ರೆ ಪೆಥಾಲಜಿ. ನಿಮ್ಮ ಪ್ರಶ್ನೆ ಯಾವುದು ಅಂತ ಒಂದೇ ವಾಕ್ಯದಲ್ಲಿ ಬರೀರಿ, ವಿಭಾಗ ತಾನಾಗೇ ಗೊತ್ತಾಗುತ್ತೆ. ಈಗ ನೀವು ಬರೆದಿರೋದ್ರಲ್ಲಿ ಎರಡು ಪಿಎಚ್.ಡಿ. ಇವೆ.

ಹೆಬ್ಬಾಳ, ಹಾಸನ, ಶಿವಮೊಗ್ಗ ಕಾಲೇಜುಗಳೆಲ್ಲ ಬೀದರಿನ ಪಶು ವಿಶ್ವವಿದ್ಯಾಲಯದ ಕೆಳಗೇ ಬರೋದು. ಯಾವ ಕಾಲೇಜಲ್ಲಿ, ಯಾವ ವಿಭಾಗದಲ್ಲಿ ಪಿಎಚ್.ಡಿ. ಸೀಟಿದೆ ಅಂತ ಆಯಾ ವರ್ಷದ ಪ್ರವೇಶ ಪ್ರಕಟಣೆಯಲ್ಲೇ ನೋಡಿ. ಇಜ್ಜತ್‌ನಗರದ ಐ.ವಿ.ಆರ್.ಐ.ಗೆ (ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ) ಐ.ಸಿ.ಎ.ಆರ್.ನ (ಭಾರತೀಯ ಕೃಷಿ ಸಂಶೋಧನಾ ಪರಿಷತ್ತು) ಅಖಿಲ ಭಾರತ ಪರೀಕ್ಷೆ ಬರೀಬೇಕು. ಈಗಿನ ಪಠ್ಯಕ್ರಮದಲ್ಲಿ ಪಿಎಚ್.ಡಿ.ಗೆ 100 ಕ್ರೆಡಿಟ್, ಅದರಲ್ಲಿ 75 ಸಂಶೋಧನೆಗೇ. ಉಳಿದ 25ನ್ನ ಮೊದಲ ಎರಡು ಸೆಮಿಸ್ಟರಲ್ಲಿ ಮುಗಿಸಿಕೊಂಡ್ರೆ ಹಳ್ಳಿ ತಿರುಗೋಕೆ ಸಮಯ ಸಿಗುತ್ತೆ.

ಪಿಪೆಟ್_ಹಿಡಿದವಳು
"ಬ್ಯಾಕ್ಟೀರಿಯಾ ಬೆಳೆಸೋದು" ಅಂತ ಅಷ್ಟು ಸಲೀಸಾಗಿ ಬರೆದಿದೀರಲ್ಲ ಮೇಡಂ, ಅಲ್ಲೇ ಎರಡು ವರ್ಷ ನಿಂತುಹೋಗುತ್ತೆ. ಬ್ರುಸೆಲ್ಲಾ ಕಲ್ಚರ್‌ಗೆ, ಅಂದ್ರೆ ಲ್ಯಾಬಲ್ಲಿ ಬೆಳೆಸೋಕೆ, ಬಿ.ಎಸ್.ಎಲ್-3 (ಮೂರನೇ ಹಂತದ ಜೈವಿಕ ಸುರಕ್ಷತೆಯ) ಲ್ಯಾಬ್ ಬೇಕೇ ಬೇಕು. ಲ್ಯಾಬಲ್ಲಿ ಕೆಲಸ ಮಾಡೋರಿಗೆ ಅತಿ ಸುಲಭವಾಗಿ ಅಂಟೋ ಬ್ಯಾಕ್ಟೀರಿಯಾಗಳಲ್ಲಿ ಇದೂ ಒಂದು. ಪ್ಲೇಟ್ ಮುಚ್ಚಳ ತೆಗೆದು ಮೂಸಿ ನೋಡೋ ಹಳೇ ಅಭ್ಯಾಸದಿಂದಲೇ ಎಷ್ಟೋ ದೇಶಗಳಲ್ಲಿ ಲ್ಯಾಬ್‌ನೋರಿಗೆ ಜ್ವರ ಹಿಡಿದಿದೆ. ಸೆಂಟ್ರಿಫ್ಯೂಜಲ್ಲಿ ಟ್ಯೂಬ್ ಒಡೆದ್ರೂ ಸಾಕು, ಗಾಳಿಯಲ್ಲೇ ಬರುತ್ತೆ.

ಬೆಳೆಯೋದೂ ನಿಧಾನ. 37 ಡಿಗ್ರಿ, ಶೇ. 5ರಿಂದ 10 ಇಂಗಾಲದ ಡೈಆಕ್ಸೈಡ್, ಫ್ಯಾರೆಲ್ ಥರದ ಆಯ್ಕೆ ಮಾಧ್ಯಮ (ಬೇರೆ ಬ್ಯಾಕ್ಟೀರಿಯಾ ಬೆಳೆಯದ ಹಾಗೆ ತಡೆಯೋದು), ಕಾಲನಿ ಕಾಣೋಕೆ 3ರಿಂದ 7 ದಿನ. 10 ದಿನ ಆದ್ಮೇಲಷ್ಟೇ "ಇಲ್ಲ" ಅನ್ನಬಹುದು. ಅದೂ ಸರಿಯಾದ ಸ್ಯಾಂಪಲ್ ಇದ್ರೆ. ಪಾಸಿಟಿವ್ ಹಸುವಿನ ರಕ್ತದಿಂದ ಬೆಳೆಸ್ತೀನಿ ಅಂತ ಹೊರಟ್ರೆ ಕೈಗೆ ಏನೂ ಹತ್ತಲ್ಲ. ಕಂದು ಹಾಕಿದ ಕರುವಿನ ಹೊಟ್ಟೆಯೊಳಗಿನ ದ್ರವ, ಮಾಸು, ಗರ್ಭದ್ವಾರದ ಸ್ವಾಬ್, ಹಾಲು, ಇವು ಬೇಕು. ಕರುವಿನ ಹೊಟ್ಟೆ ದ್ರವ ಎಲ್ಲಕ್ಕಿಂತ ಒಳ್ಳೇದು, ಬೇರೆ ಕೊಳೆ ಬ್ಯಾಕ್ಟೀರಿಯಾ ಸೇರಿರಲ್ಲ.

ಯಲಹಂಕ_ಲೈನ್
ಮೇಲಿನ ಮಾತಿಗೆ ಸಹಮತ. ಅರ್ಜಿ ಹಾಕೋ ಮುಂಚೆ ಗೈಡ್‌ನ ಕೇಳಬೇಕಾದ ಮೊದಲ ಪ್ರಶ್ನೆ: "ಬಿ.ಎಸ್.ಎಲ್-3 ಯಾರ ಹತ್ರ ಇದೆ, ಅವರು ಬರವಣಿಗೆಯಲ್ಲಿ ಒಪ್ಪಿದಾರಾ?" ಬಾಯಿ ಮಾತು ಸಾಲದು. ಯಲಹಂಕದ ನಿವೇದಿ (ಪಶುರೋಗ ಹರಡಿಕೆಯ ಅಧ್ಯಯನ ಮಾಡೋ ರಾಷ್ಟ್ರೀಯ ಸಂಸ್ಥೆ) ಸಂಸ್ಥೆಯಲ್ಲಿ ಬ್ರುಸೆಲ್ಲಾ ಮೇಲೆ ವರ್ಷಾನುಗಟ್ಟಲೆ ಕೆಲಸ ನಡೆದಿದೆ. ಅಲ್ಲಿಯ ವಿಜ್ಞಾನಿಯೊಬ್ಬರು ನಿಮ್ಮ ಸಲಹಾ ಸಮಿತಿಯಲ್ಲಿದ್ರೆ ದಾರಿ ಸುಗಮ.

ಕೆ.ಆರ್.ಪೇಟೆ_ಡಾಕ್ಟ್ರು
ಕಲ್ಚರ್ ಬಿಟ್ಟು ಪಿ.ಸಿ.ಆರ್.ಗೆ (ರೋಗಾಣುವಿನ ಡಿ.ಎನ್.ಎ. ಹುಡುಕೋ ಪರೀಕ್ಷೆ) ಹೋಗಿ, ಅಷ್ಟೇ.

ಪಿಪೆಟ್_ಹಿಡಿದವಳು
ಅಷ್ಟೇ ಅಲ್ಲ ಡಾಕ್ಟ್ರೇ. ಬಿ-4, ಬಿ-5 ಪ್ರೈಮರ್ (ಹುಡುಕಬೇಕಾದ ಜಾಗಕ್ಕೆ ಅಂಟೋ ಡಿ.ಎನ್.ಎ. ತುಣುಕು) ಹಾಕಿದ್ರೆ ಜೆಲ್ ಮೇಲೆ 223 ಬೇಸ್ ಜೋಡಿಯ ಗೆರೆ ಬರುತ್ತೆ, ಬ್ರುಸೆಲ್ಲಾ ಕುಲ ಅಂತ ಗೊತ್ತಾಗುತ್ತೆ. ಅದರಲ್ಲಿ ಯಾವ ಪ್ರಭೇದ, ಅಬಾರ್ಟಸ್ಸೋ ಮೆಲಿಟೆನ್ಸಿಸ್ಸೋ ಗೊತ್ತಾಗಲ್ಲ, ಅದಕ್ಕೆ ಬೇರೆ ಪ್ರೈಮರ್ ಬೇಕು. ಜೀನೋಮ್ ಬೇಕಂದ್ರೆ ಕೊನೆಗೆ ಶುದ್ಧ ಕಲ್ಚರೇ ಬೇಕಾಗುತ್ತೆ. ಇನ್ನೊಂದು: ಡಿ.ಎನ್.ಎ. ತೆಗೆಯೋ ಜಾಗ, ಮಿಶ್ರಣ ಮಾಡೋ ಜಾಗ, ಜೆಲ್ ಓಡಿಸೋ ಜಾಗ ಮೂರೂ ಬೇರೆ ಇರ್ಬೇಕು. ಜೆಲ್ ಕೋಣೆಯ ಪಿಪೆಟ್ ಒಂದು ಸಲ ಮಿಶ್ರಣದ ಕೋಣೆಗೆ ಬಂದ್ರೆ ಆಮೇಲೆ ನೀರು ಹಾಕಿದ ಟ್ಯೂಬೂ ಪಾಸಿಟಿವ್ ತೋರಿಸುತ್ತೆ. ಆ ತಿಂಗಳ ಫಲಿತಾಂಶವೆಲ್ಲ ಕಸದ ಬುಟ್ಟಿಗೆ.

ಲೆಕ್ಕದ_ಮೇಷ್ಟ್ರು
385 ಎಲ್ಲಿಂದ ಬಂತು ಅಂತ ಗೊತ್ತು. ಶೇ. 50 ಹರಡಿಕೆ, ಶೇ. 5 ಅಂತರ, ಶೇ. 95 ವಿಶ್ವಾಸ. ಎಲ್ಲ ಥೀಸಿಸ್ಸಲ್ಲೂ ಇದೇ ಸಂಖ್ಯೆ. ಆದ್ರೆ ಕಂದು ರೋಗ ಶೇ. 50 ಇರಲ್ಲ. ನಿಜವಾದ ಸಂಖ್ಯೆ ಶೇ. 8 ಇದ್ದು ನಿಮ್ಮ ಅಂತರ ಶೇ. 5 ಇದ್ರೆ "3ರಿಂದ 13ರ ನಡುವೆ ಎಲ್ಲೋ ಇದೆ" ಅಂದಹಾಗಾಯ್ತು. ಅದರಿಂದ ಯಾರಿಗೂ ಉಪಯೋಗ ಇಲ್ಲ. ಶೇ. 10 ಅಂದಾಜಿಟ್ಟು ಶೇ. 3 ಅಂತರ ಹಿಡೀರಿ. ಕಾಕತಾಳೀಯವಾಗಿ ಮತ್ತೆ 385 ಬರುತ್ತೆ, ಆದ್ರೆ ಈ ಸಲ ಅರ್ಥ ಇರೋ 385.

ಅದೂ ಸಾಲದು. ಒಂದೇ ಊರಿನ ಹಸುಗಳು ಒಂದೇ ಕೆರೆ, ಒಂದೇ ಹೋರಿ, ಒಂದೇ ದಳ್ಳಾಳಿ. ಅವು ಒಂದಕ್ಕೊಂದು ಹೋಲ್ತವೆ. ಊರಿಗೆ 10 ಹಸು ತೆಗೆದು ಆ ಹೋಲಿಕೆ 0.1 ಅಂತ ಹಿಡಿದ್ರೆ ಗುಣಿಸಬೇಕಾದ ಸಂಖ್ಯೆ 1 + (10 − 1) × 0.1, ಅಂದ್ರೆ 1.9. ಹಾಗಾಗಿ 732 ಹಸು, 74 ಊರು. ಊರಿಗೆ ಐದೇ ಹಸು ತೆಗೆದ್ರೆ 1.4, ಅಂದ್ರೆ 539 ಹಸು ಸಾಕು, ಆದ್ರೆ 108 ಊರು ಸುತ್ತಬೇಕು. ಬೈಕಿನ ಪೆಟ್ರೋಲ್ ದುಬಾರಿಯೋ ಎಲೈಸಾ (ಪ್ಲೇಟಲ್ಲಿ ಮಾಡೋ ರಕ್ತಪರೀಕ್ಷೆ) ಕಿಟ್ ದುಬಾರಿಯೋ ನೋಡ್ಕೊಂಡು ತೀರ್ಮಾನ ಮಾಡಿ.

ಮತ್ತೆ ಪರೀಕ್ಷೆ ಹೇಳೋ ಸಂಖ್ಯೆ ನಿಜವಾದ ಸಂಖ್ಯೆ ಅಲ್ಲ. ಉದಾಹರಣೆಗೆ ಪರೀಕ್ಷೆಯಲ್ಲಿ ಶೇ. 8 ಪಾಸಿಟಿವ್ ಬಂತು, ಪರೀಕ್ಷೆಯ ಸೂಕ್ಷ್ಮತೆ (ರೋಗ ಇರೋದನ್ನ ಹಿಡಿಯೋದು) ಶೇ. 90, ನಿರ್ದಿಷ್ಟತೆ (ಇಲ್ಲದ್ದನ್ನ ಇಲ್ಲ ಅನ್ನೋದು) ಶೇ. 95 ಅಂತ ಇಟ್ಕೊಳ್ಳಿ. ರೋಗನ್–ಗ್ಲಾಡೆನ್ ಸೂತ್ರ ಹಾಕಿ: (0.08 + 0.95 − 1) ÷ (0.90 + 0.95 − 1). ಬರೋದು ಶೇ. 3.5. ಅರ್ಧಕ್ಕಿಂತ ಹೆಚ್ಚು ಸುಳ್ಳು ಪಾಸಿಟಿವ್! ಇದನ್ನ ಬರೀದೇ ಇರೋ ಥೀಸಿಸ್‌ನ ವೈವಾದಲ್ಲಿ ಪರೀಕ್ಷಕರು ಬಿಡಲ್ಲ, ಬಿಡಲೂಬಾರದು.

ಬನ್ನೂರು_ಕುರಿ
ಮೇಷ್ಟ್ರೇ, 74 ಊರು ಹೇಗೆ ಆರಿಸೋದು? ಡೈರಿ ಸಂಘಗಳ ಪಟ್ಟಿಯಿಂದ ಚೀಟಿ ಎತ್ತಬಹುದಲ್ಲ?

ಲೆಕ್ಕದ_ಮೇಷ್ಟ್ರು
ಊರಿಗೆ ಚೀಟಿ ಎತ್ತಿ, ತಪ್ಪಿಲ್ಲ. ಹಸುವಿಗೆ ಮಾತ್ರ ಡೈರಿ ಪಟ್ಟಿ ಬಳಸಬೇಡಿ. ಹಾಲು ಹಾಕೋರ ಹೆಸರಷ್ಟೇ ಅದರಲ್ಲಿರುತ್ತೆ. ಬತ್ತಿದ ಹಸು, ಕಡಸು, ಮೊನ್ನೆ ಕಂದು ಹಾಕಿ ಹಾಲು ನಿಂತ ಹಸು ಎಲ್ಲ ಬಿಟ್ಟುಹೋಗ್ತವೆ. ನೀವು ಹುಡುಕ್ತಿರೋದೇ ಅವನ್ನ! ಊರಿಗೆ ಹೋಗಿ ಕಿವಿ ಓಲೆಯ 12 ಅಂಕಿ ನಂಬರ್ ಸಮೇತ ಪಟ್ಟಿ ಮಾಡಿ, ಅದರಿಂದ ಆರಿಸಿ.

ಒಂಟಿಕೊಪ್ಪಲ್
ಇಷ್ಟೆಲ್ಲ ಊರು ಸುತ್ತೋ ಬದಲು ಮುಡುಕುತೊರೆ ಜಾತ್ರೆ, ಹೇಮಗಿರಿ ಜಾತ್ರೆಯಲ್ಲಿ ಒಂದೇ ಕಡೆ ನೂರಾರು ದನ ಸಿಗ್ತವಲ್ವಾ?

ಕೆ.ಆರ್.ಪೇಟೆ_ಡಾಕ್ಟ್ರು
ಜಾತ್ರೆಗೆ ಬರೋದು ಹೆಚ್ಚಾಗಿ ಹಳ್ಳಿಕಾರ್ ಹೋರಿ, ಜೋಡೆತ್ತು. ನಮ್ಮ ಪ್ರಶ್ನೆ ಇರೋದು ಕೊಟ್ಟಿಗೆಯ ಹೆಚ್.ಎಫ್., ಜೆರ್ಸಿ ಮಿಶ್ರತಳಿ ಹಸು ಮೇಲೆ. ಅಲ್ಲದೆ ಜಾತ್ರೆಗೆ ಚೆನ್ನಾಗಿರೋ ದನ ತರ್ತಾರೆ, ಎಲ್ಲೆಲ್ಲಿಂದಲೋ ತರ್ತಾರೆ. ಅದನ್ನ ಮಂಡ್ಯ ಜಿಲ್ಲೆಯ ಲೆಕ್ಕ ಅಂತ ಬರೆಯೋಕಾಗಲ್ಲ. ರೋಗ ಹೇಗೆ ಊರಿಂದೂರಿಗೆ ಸಾಗುತ್ತೆ ಅನ್ನೋ ಬೇರೆ ಅಧ್ಯಯನಕ್ಕೆ ಜಾತ್ರೆ ಒಳ್ಳೇ ಜಾಗ.

ಸೀರಮ್_ಸಂಗ್ರಹ
ರಕ್ತ ತೆಗೆಯೋದ್ರ ಬಗ್ಗೆ ಯಾರೂ ಬರೀಲಿಲ್ಲ. ಕೆಲಸ ಕೆಡೋದು ಇಲ್ಲೇ.

ಕತ್ತಿನ ನರದಿಂದ 5 ಮಿಲೀ ಸಾಕು. 18 ಗೇಜ್ ಸೂಜಿ ಬಳಸಿ. ಸಣ್ಣ ಸೂಜಿಯಲ್ಲಿ ಜಗ್ಗಿ ಎಳೆದ್ರೆ ಕೆಂಪುಕಣ ಒಡೆದು ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯೋ ತಿಳಿ) ಕೆಂಪಾಗುತ್ತೆ. ಸಿರಿಂಜಿಂದ ಟ್ಯೂಬಿಗೆ ಹಾಕುವಾಗ ಸೂಜಿ ತೆಗೆದು, ಟ್ಯೂಬಿನ ಗೋಡೆ ಮೇಲೆ ಮೆಲ್ಲಗೆ ಇಳಿಸಿ. ಆಮೇಲೆ ಟ್ಯೂಬ್‌ನ ಓರೆಯಾಗಿ ಇಟ್ಟು ಒಂದೆರಡು ಗಂಟೆ ನೆರಳಲ್ಲಿ ಹೆಪ್ಪುಗಟ್ಟೋಕೆ ಬಿಡಿ. ತೆಗೆದ ತಕ್ಷಣ ಐಸ್ ಮೇಲೆ ಇಡಬೇಡಿ, ಹೆಪ್ಪು ಸರಿಯಾಗಿ ಕಟ್ಟಲ್ಲ. ಬೈಕಿನ ಡಿಕ್ಕಿಯಲ್ಲೂ ಹಾಕಬೇಡಿ. ಮಂಡ್ಯದ ಏಪ್ರಿಲ್ ಬಿಸಿಲು, ಗದ್ದೆ ದಾರಿಯ ಕುಲುಕಾಟ ಎರಡೂ ಸೇರಿದ್ರೆ ಸಂಜೆಗೆ ಬರೀ ಕೆಂಪು ನೀರು. ಹೆಪ್ಪು ಗಟ್ಟಿದ ಮೇಲೆ ಐಸ್ ಪ್ಯಾಕ್ ಡಬ್ಬಿಗೆ. ಲ್ಯಾಬಲ್ಲಿ 3,000 ಆರ್.ಪಿ.ಎಂ.ನಲ್ಲಿ 10 ನಿಮಿಷ ತಿರುಗಿಸಿ, ಸೀರಮ್‌ನ ಎರಡು ಸಣ್ಣ ಟ್ಯೂಬಿಗೆ ಹಂಚಿ. ಒಂದು ಬಳಕೆಗೆ, ಇನ್ನೊಂದು ಮುಟ್ಟದೇ ಇಡೋಕೆ.

ಫ್ರೀಜರ್ ಮೈನಸ್ 20 ಸಾಕು, ಆದ್ರೆ ಮನೆಯ "ಫ್ರಾಸ್ಟ್ ಫ್ರೀ" ಫ್ರಿಡ್ಜ್ ಬೇಡ. ಅದು ಐಸ್ ಕಟ್ಟದ ಹಾಗೆ ಆಗಾಗ ತಾನೇ ಬೆಚ್ಚಗಾಗುತ್ತೆ. ಪ್ರತಿ ಸಲ ಸೀರಮ್ ಸ್ವಲ್ಪ ಕರಗಿ ಮತ್ತೆ ಗಟ್ಟಿಯಾಗಿ ಪ್ರತಿಕಾಯ (ರೋಗಾಣುವಿನ ವಿರುದ್ಧ ದೇಹ ಮಾಡ್ಕೊಳ್ಳೋದು, ಪರೀಕ್ಷೆ ಹುಡುಕೋದು ಇದನ್ನೇ) ಹಾಳಾಗುತ್ತೆ. ಟ್ಯೂಬ್ ಮೇಲೆ ಮಾಮೂಲಿ ಮಾರ್ಕರಲ್ಲಿ ಬರೆದ್ರೆ ಸ್ಪಿರಿಟ್ ತಾಗಿದಾಗ ಅಳಿಸಿಹೋಗುತ್ತೆ. ಶೀತ ತಡೆಯೋ ಲೇಬಲ್ ಹಾಕಿ, ಅದೇ ನಂಬರ್‌ನ ಪುಸ್ತಕದಲ್ಲೂ ಬರೀರಿ.

ಮದ್ದೂರು_ಸೀಮೆ
ತುಂಬಾ ಉಪಯೋಗ ಆಯ್ತು ಸರ್. ಪರೀಕ್ಷೆ ಮೊದಲು ಆರ್.ಬಿ.ಪಿ.ಟಿ. (ರೋಸ್ ಬೆಂಗಾಲ್ ಪ್ಲೇಟ್ ಟೆಸ್ಟ್), ಪಾಸಿಟಿವ್ ಬಂದಿದ್ದಕ್ಕೆ ಮಾತ್ರ ಎಲೈಸಾ ಅಂತ ಇಟ್ಕೊಂಡಿದೀನಿ, ಕಿಟ್ ಖರ್ಚು ಉಳಿಯುತ್ತೆ. ಸರಿನಾ?

ಯಲಹಂಕ_ಲೈನ್
ರೈತರಿಗೆ ಫಲಿತಾಂಶ ಹೇಳೋಕೆ ಸರಿ. ಥೀಸಿಸ್‌ಗೆ ಅರ್ಧ ಸರಿ. ನೆಗೆಟಿವ್‌ಗಳಲ್ಲೂ ಒಂದಿಷ್ಟನ್ನ ಚೀಟಿ ಎತ್ತಿ ಎಲೈಸಾಗೆ ಹಾಕದೇ ಇದ್ರೆ ಎರಡು ಪರೀಕ್ಷೆ ಎಷ್ಟು ಹೊಂದಿಕೊಳ್ತವೆ ಅಂತ ಹೇಳೋಕೇ ಆಗಲ್ಲ. ಕಿಟ್ ಲೆಕ್ಕ ನೋಡಿ: 96 ಗುಣಿಯ ಪ್ಲೇಟಲ್ಲಿ 8 ಕಂಟ್ರೋಲ್‌ಗೆ ಹೋದ್ರೆ ಉಳಿಯೋದು 88. ಒಂದೊಂದೇ ಗುಣಿ ಹಾಕಿದ್ರೆ 732ಕ್ಕೆ 9 ಪ್ಲೇಟ್, ಜೋಡಿ ಹಾಕಿದ್ರೆ 17. ಎಲ್ಲ ಒಂದೇ ಬ್ಯಾಚಲ್ಲಿ ಕೊಳ್ಳಿ, ಅವಧಿ ಮುಗಿಯೋ ದಿನಾಂಕ ನೋಡಿ.

ಆರ್.ಬಿ.ಪಿ.ಟಿ.ಯಲ್ಲಿ ಆಗೋ ತಪ್ಪು ಒಂದೇ: ಫ್ರಿಡ್ಜಿಂದ ತೆಗೆದು ತಣ್ಣಗಿರುವಾಗಲೇ ಹಾಕೋದು. ಆಂಟಿಜನ್ (ಪರೀಕ್ಷೆಗೆ ಬಳಸೋ ಬಣ್ಣದ ಸತ್ತ ಬ್ಯಾಕ್ಟೀರಿಯಾ ದ್ರವ), ಸೀರಮ್ ಎರಡೂ ಕೋಣೆಯ ಬಿಸಿಗೆ ಬರಲಿ. 30 ಮೈಕ್ರೋಲೀಟರ್ ಅದು, 30 ಮೈಕ್ರೋಲೀಟರ್ ಇದು, ಕಲಸಿ 4 ನಿಮಿಷ ಆಡಿಸಿ, ತಕ್ಷಣ ಓದಿ. ಹತ್ತು ನಿಮಿಷ ಬಿಟ್ಟು ನೋಡಿದ್ರೆ ಒಣಗಿದ ಅಂಚೂ ಗಂಟು ಕಟ್ಟಿದ ಹಾಗೆ ಕಾಣುತ್ತೆ.

ಕೆ.ಆರ್.ಪೇಟೆ_ಡಾಕ್ಟ್ರು
ಲಸಿಕೆ ಮರೀಬೇಡಿ! 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಎಸ್-19 ಅನ್ನೋ ಕಂದು ರೋಗದ ಲಸಿಕೆ ಹಾಕ್ತಾರೆ. ಆ ಕರುಗಳೇ ಈಗ ಹಸುಗಳಾಗಿರೋದು. ಆರ್.ಬಿ.ಪಿ.ಟಿ.ಗೆ ಲಸಿಕೆಯ ಪ್ರತಿಕಾಯವೂ ಒಂದೇ, ರೋಗದ ಪ್ರತಿಕಾಯವೂ ಒಂದೇ.

ಹೆಬ್ಬಾಳದ_ಹಳಬ
ಸರಿಯಾದ ವಯಸ್ಸಲ್ಲಿ ಹಾಕಿದ್ರೆ ಒಂದೂವರೆ ವರ್ಷದ ಹೊತ್ತಿಗೆ ಹೆಚ್ಚಿನವುಗಳಲ್ಲಿ ಇಳಿದುಹೋಗುತ್ತೆ ಡಾಕ್ಟ್ರೇ. ಅಷ್ಟು ಹೆದರಬೇಕಿಲ್ಲ.

ಕೆ.ಆರ್.ಪೇಟೆ_ಡಾಕ್ಟ್ರು
"ಹೆಚ್ಚಿನವು" ಅಂದ್ರಲ್ಲ, ಉಳಿದವೇ ತೊಂದರೆ. ವಯಸ್ಸು ಮೀರಿದ ಕರುವಿಗೆ ಹಾಕಿದ್ರೆ ಇನ್ನೂ ಜಾಸ್ತಿ ದಿನ ಉಳಿಯುತ್ತೆ. ಪ್ರತಿ ಹಸುವಿನ ಲಸಿಕೆ ದಾಖಲೆ ಕಿವಿ ಓಲೆ ನಂಬರ್ ಹಾಕಿ ತೆಗೀರಿ, ಲಸಿಕೆ ಆಗಿರೋದನ್ನ ಬೇರೆ ಗುಂಪಾಗಿ ವಿಶ್ಲೇಷಿಸಿ. ಇದನ್ನ ಮೊದಲ ದಿನವೇ ಪ್ರಶ್ನಾವಳಿಗೆ ಸೇರಿಸಬೇಕು. ಆಮೇಲೆ ಮತ್ತೆ 74 ಊರಿಗೆ ಹೋಗೋರ್ಯಾರು?

ಹೆಬ್ಬಾಳದ_ಹಳಬ
ಅದು ಒಪ್ಪಿದೆ. ಜೊತೆಗೆ ಕರು ಹಾಕೋ ಆಸುಪಾಸಿನ ಹಸು ಸುಳ್ಳು ನೆಗೆಟಿವ್ ಕೊಡಬಹುದು. ಮೂರ್ನಾಲ್ಕು ವಾರ ಬಿಟ್ಟು ಇನ್ನೊಂದು ಸಲ ತೆಗೀರಿ.

ಬನ್ನೂರು_ಕುರಿ
ಪ್ರಶ್ನಾವಳಿ ಕನ್ನಡದಲ್ಲೇ ಇರಲಿ, ಅದೂ ನಮ್ಮ ಕಡೆ ಕನ್ನಡದಲ್ಲಿ. "ಗರ್ಭಪಾತದ ಇತಿಹಾಸವಿದೆಯೇ?" ಅಂದ್ರೆ ರೈತರು ಸುಮ್ಮನೆ ಇಲ್ಲ ಅಂತಾರೆ. "ಕಂದು ಹಾಕಿತ್ತಾ? ಎಷ್ಟನೇ ತಿಂಗಳಲ್ಲಿ? ಕಸ (ಮಾಸು) ಬಿತ್ತಾ ಇಲ್ಲ ಕೈ ಹಾಕಿ ತೆಗೆಸಿದ್ರಾ? ಬಿದ್ದಿದ್ದನ್ನ ಏನು ಮಾಡಿದ್ರಿ?" ಅಂತ ಕೇಳಿ. ಕೊನೇ ಪ್ರಶ್ನೆಗೆ ಬರೋ ಉತ್ತರದಲ್ಲೇ ರೋಗ ಹರಡೋ ದಾರಿ ಇರುತ್ತೆ: ತಿಪ್ಪೆ, ನಾಲೆ, ನಾಯಿ.

ಒಂಟಿಕೊಪ್ಪಲ್
ಬಿ.ಎಸ್.ಎಲ್-3 ತಲೆನೋವೇ ಬೇಡ ಅಂದ್ರೆ ಕೆಚ್ಚಲು ಬಾವು, ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ತಗೊಳ್ಳಿ. ಬಿ.ಎಸ್.ಎಲ್-2 ಸಾಕು, ಹಾಲಿನ ಸ್ಯಾಂಪಲ್ ದಿನಾ ಸಿಗುತ್ತೆ.

ಪಿಪೆಟ್_ಹಿಡಿದವಳು
ಒಳ್ಳೇ ವಿಷಯ, ಆದ್ರೆ "ಇಷ್ಟು ಪ್ರತಿಶತ ಇದಕ್ಕೆ ಬಗ್ಗಲಿಲ್ಲ" ಅನ್ನೋ ಪಟ್ಟಿ ಎಂ.ವಿ.ಎಸ್ಸಿ. ಕೆಲಸ. ಪಿಎಚ್.ಡಿ. ಆಗ್ಬೇಕಂದ್ರೆ ಯಾವ ಜೀನ್, ಹಸುವಿಂದ ಹಾಲು ಕರೆಯೋರ ಕೈಗೆ ದಾಟುತ್ತಾ, ಔಷಧಿ ಬಳಕೆಗೂ ಅದಕ್ಕೂ ಏನು ಸಂಬಂಧ ಅನ್ನೋ ಪ್ರಶ್ನೆ ಬೇಕು. ಡಿಸ್ಕ್ ಪರೀಕ್ಷೆಯೂ (ಔಷಧಿ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತ ಅಳೆಯೋದು) ಕಂಡಷ್ಟು ಸುಲಭ ಅಲ್ಲ: ಮುಲ್ಲರ್–ಹಿಂಟನ್ ಅಗರ್ 4 ಮಿಮೀ ದಪ್ಪ ಇರ್ಬೇಕು, ಬ್ಯಾಕ್ಟೀರಿಯಾ ದ್ರಾವಣದ ಮಬ್ಬು 0.5 ಮ್ಯಾಕ್‌ಫರ್ಲಂಡ್ (ಮಬ್ಬು ಅಳೆಯೋ ಮಾನ). ಅಗರ್ ತೆಳ್ಳಗಾದ್ರೆ ವೃತ್ತ ದೊಡ್ಡದಾಗಿ, ಬಗ್ಗದ ಬ್ಯಾಕ್ಟೀರಿಯಾವೂ ಬಗ್ಗೋ ಹಾಗೆ ಕಾಣುತ್ತೆ.

ಹಾಲಿನ_ಡೈರಿ
ನಾನು ಡಾಕ್ಟರಲ್ಲ, ಮಳವಳ್ಳಿ ಕಡೆ ರೈತ. ನೀವೆಲ್ಲ ರಕ್ತ ತಗೊಂಡು ಹೋಯ್ತೀರಿ, ನಮ್ ಹಸ ಪಾಸಿಟಿವ್ ಅಂತ ಬಂದ್ರೆ ಏನ್ ಮಾಡದು? ಅದ್ನೂ ಯೋಳ್ಬುಡಿ.

ಕೆ.ಆರ್.ಪೇಟೆ_ಡಾಕ್ಟ್ರು
ಸರಿಯಾಗಿ ಕೇಳಿದ್ರಿ ಅಣ್ಣ. ಹೊರದೇಶದಲ್ಲಿ ಅಂಥ ಹಸುವನ್ನ ಕಡಿದು ಪರಿಹಾರ ಕೊಡ್ತಾರೆ. ನಮ್ಮಲ್ಲಿ 2020ರ ಜಾನುವಾರು ಹತ್ಯೆ ತಡೆ ಕಾಯ್ದೆಯೂ ಇದೆ, ರೈತರ ಮನಸ್ಸೂ ಒಪ್ಪಲ್ಲ. ಆ ಸಲಹೆಯನ್ನ ಥೀಸಿಸ್ಸಿನ ಕೊನೇ ಪುಟಕ್ಕೆ ನಕಲು ಮಾಡೋದ್ರಿಂದ ಪ್ರಯೋಜನ ಇಲ್ಲ. ಮಾಡಬಹುದಾದ್ದು ಇಷ್ಟು: ಕರು ಹಾಕುವಾಗ ಆ ಹಸುವನ್ನ ಬೇರೆ ಕಟ್ಟಿ. ಬಿದ್ದ ಕಂದು, ಕಸ, ನೆನೆದ ಹುಲ್ಲನ್ನ ಬರಿಗೈಲಿ ಮುಟ್ಟಬೇಡಿ, ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿ. ಹಾಲು ಕಾಯಿಸದೆ ಕುಡೀಬೇಡಿ. ಹಸುವನ್ನ ಸಂತೆಗೆ ಹೊಡೆದು ಇನ್ನೊಬ್ಬರ ಕೊಟ್ಟಿಗೆಗೆ ರೋಗ ಕಳಿಸಬೇಡಿ. ಹೆಣ್ಣುಕರುಗಳಿಗೆ ಲಸಿಕೆ ಹಾಕಿಸಿ. ಮನೆಯಲ್ಲಿ ಯಾರಿಗಾದ್ರೂ ಬಿಟ್ಟು ಬಿಟ್ಟು ಜ್ವರ, ಕೀಲು ನೋವು, ರಾತ್ರಿ ಬೆವರು ಇದ್ರೆ "ನಮ್ಮ ಹಸುಗೆ ಕಂದು ರೋಗ ಇದೆ" ಅಂತ ಆಸ್ಪತ್ರೆಯಲ್ಲಿ ಹೇಳಿ. ಹೇಳದೇ ಇದ್ರೆ ಅವರಿಗೆ ಹೊಳೆಯೋದು ಕಷ್ಟ.

ಹಾಲಿನ_ಡೈರಿ
ಸರಿ ಬುಡಿ, ಇಷ್ಟ್ ಯೋಳುದ್ರೆ ನಾವೇ ರಕ್ತ ಕೊಡ್ತೀವಿ. ಯೋಳ್ದೆ ಹೋದ್ರೆ ಎಲ್ಡನೇ ಸಲ ಊರೊಳಿಕ್ಕೆ ಬುಡಕಿಲ್ಲ ಜನ.

ಯಲಹಂಕ_ಲೈನ್
ಅನುಮತಿಗಳ ಬಗ್ಗೆ ಚುಟುಕಾಗಿ. ಪ್ರಾಣಿ ನೈತಿಕ ಸಮಿತಿ, ಜೈವಿಕ ಸುರಕ್ಷತಾ ಸಮಿತಿ ಎರಡಕ್ಕೂ ಮೊದಲ ಸೆಮಿಸ್ಟರಲ್ಲೇ ಅರ್ಜಿ ಕೊಡಿ. ಸಮಿತಿ ಎರಡು ಮೂರು ತಿಂಗಳಿಗೊಮ್ಮೆ ಸೇರುತ್ತೆ, ಒಂದು ಕಾಗದ ತಪ್ಪಿದ್ರೆ ಮುಂದಿನ ಸಭೆಗೆ. ಜಿಲ್ಲಾ ಪಶುಪಾಲನಾ ಇಲಾಖೆಯ ಪತ್ರ ಬೇಕು. ರೈತರ ರಕ್ತವೂ ತೆಗೆಯೋದಾದ್ರೆ ಮನುಷ್ಯರ ನೈತಿಕ ಸಮಿತಿ ಬೇರೆ, ಅದಕ್ಕೆ ಮೈಸೂರಿನದೋ ಮಂಡ್ಯದ್ದೋ ಮೆಡಿಕಲ್ ಕಾಲೇಜಿನವರನ್ನ ಜೊತೆ ಸೇರಿಸಿಕೊಳ್ಳಿ. ಸ್ಯಾಂಪಲ್ ಹೊರದೇಶಕ್ಕೆ ಕಳಿಸ್ತೀನಿ ಅಂದ್ರೆ ಅದೇ ಒಂದು ವರ್ಷದ ಕಾಗದದ ಕೆಲಸ.

ಒಂಟಿಕೊಪ್ಪಲ್
ಮಂಗನ ಕಾಯಿಲೆ ಮೇಲೆ ಯಾರಾದ್ರೂ ಮಾಡಬಹುದಾ? ಬಂಡೀಪುರ ಹತ್ರಾನೇ ಇದೆ.

ಯಲಹಂಕ_ಲೈನ್
1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಕಂಡ ರೋಗಕ್ಕೆ ಇನ್ನೂ ಎಷ್ಟೋ ಉತ್ತರ ಸಿಕ್ಕಿಲ್ಲ, ಮಾಡಲೇಬೇಕಾದ ಕೆಲಸ. ಆದ್ರೆ ವೈರಸ್ ಮುಟ್ಟೋಕೆ ಹೆಚ್ಚಿನ ಭದ್ರತೆಯ ಲ್ಯಾಬ್, ಕಾಡಿಗೆ ಕಾಲಿಡೋಕೆ ಅರಣ್ಯ ಇಲಾಖೆ ಅನುಮತಿ, ರೋಗ ಹರಡೋ ಉಣ್ಣೆ (ಉಣುಗು) ಹಿಡಿಯೋಕೆ ಡಿಸೆಂಬರಿಂದ ಮೇವರೆಗಷ್ಟೇ ಕಾಲ. ಅನುಮತಿ ಜೂನಲ್ಲಿ ಬಂದ್ರೆ ಒಂದು ವರ್ಷ ಹೋಯ್ತು. ಬೇರೆ ಚರ್ಚೆ ಶುರು ಮಾಡಿ, ಬರೀತೀನಿ.

ಬನ್ನೂರು_ಕುರಿ
ದುಡ್ಡಿನ ವಿಷಯ? ಕೇಂದ್ರದ ಜೆ.ಆರ್.ಎಫ್. (ಕಿರಿಯ ಸಂಶೋಧನಾ ಫೆಲೋಶಿಪ್) 2023ರ ಜನವರಿಯಿಂದ ತಿಂಗಳಿಗೆ 37,000, ಎರಡು ವರ್ಷ ಆದ್ಮೇಲೆ ಎಸ್.ಆರ್.ಎಫ್. (ಹಿರಿಯ ಫೆಲೋಶಿಪ್) 42,000, ಮನೆ ಬಾಡಿಗೆ ಭತ್ಯೆ ಬೇರೆ. ಬಯೋಟೆಕ್ನಾಲಜಿ ಇಲಾಖೆಯ ಪರೀಕ್ಷೆ ಬರೀರಿ. ವಿಶ್ವವಿದ್ಯಾಲಯದಲ್ಲಿ ಮೊದಲ ರ‍್ಯಾಂಕ್ ಬಂದಿದ್ರೆ ಕೇಂದ್ರದ ಇನ್‌ಸ್ಪೈರ್ ಫೆಲೋಶಿಪ್‌ಗೂ ಹಾಕಿ. ಫೆಲೋಶಿಪ್ ಇಲ್ಲದೆ ಸೇರಬೇಡಿ ಅಂತ ಖಡಾಖಂಡಿತ ಹೇಳ್ತೀನಿ. ಕಿಟ್ಟು, ಪೆಟ್ರೋಲು ಕೈಯಿಂದ ಹಾಕಿ ಯಾರೂ ಮೂರು ವರ್ಷ ಎಳೆಯೋಕಾಗಲ್ಲ.

ಪಿಪೆಟ್_ಹಿಡಿದವಳು
ಒಂದು ಸುರಕ್ಷತೆಯ ಮಾತು. ಎಸ್-19 ಜೀವಂತ ಲಸಿಕೆ. ಕರುವಿಗೆ ಹಾಕುವಾಗ ಸೂಜಿ ಕೈಗೆ ಚುಚ್ಚಿದ್ರೆ, ಕಣ್ಣಿಗೆ ಹಾರಿದ್ರೆ ಸುಮ್ಮನಿರಬೇಡಿ. ಚೆನ್ನಾಗಿ ತೊಳೆದು ಅವತ್ತೇ ವೈದ್ಯರನ್ನ ನೋಡಿ, ಲಸಿಕೆಯ ತಳಿ ಎಸ್-19 ಅಂತಲೂ ಹೇಳಿ. ಹಳ್ಳಿ ಸುತ್ತೋ ಮುಂಚೆ ರೇಬೀಸ್ ಲಸಿಕೆಯನ್ನೂ ಹಾಕಿಸಿಕೊಂಡಿರಿ.

ಮದ್ದೂರು_ಸೀಮೆ
ಎಲ್ಲರಿಗೂ ಧನ್ಯವಾದ. ಈಗ ಹೀಗೆ ಬದಲಿಸಿದೀನಿ. ಪ್ರಶ್ನೆ: ಎಸ್-19 ಲಸಿಕೆ ಶುರುವಾದ ಮೇಲೆ ಮಂಡ್ಯದ ಹಸುಗಳಲ್ಲಿ ಕಂದು ರೋಗ ನಿಜವಾಗಿ ಎಷ್ಟಿದೆ, ಯಾವ ಅಭ್ಯಾಸದಿಂದ ಹರಡ್ತಿದೆ? ವಿಭಾಗ ಪಬ್ಲಿಕ್ ಹೆಲ್ತ್ ಮತ್ತು ಎಪಿಡೆಮಿಯಾಲಜಿ. 74 ಊರು, 740 ಹಸು. ಕಲ್ಚರ್ ಕೈಬಿಟ್ಟೆ, ಕಂದು ಹಾಕಿದ ಹಸುಗಳ ಸ್ವಾಬ್ ಮೇಲೆ ಪಿ.ಸಿ.ಆರ್. ಮಾತ್ರ. ಮೊದಲು ಪ್ರತಿ ಊರಿನ ಡೈರಿ ಕ್ಯಾನ್ ಹಾಲಿಗೆ ಮಿಲ್ಕ್ ರಿಂಗ್ ಟೆಸ್ಟ್ (ಹಾಲಲ್ಲಿ ಕಂದು ರೋಗದ ಪ್ರತಿಕಾಯ ಹುಡುಕೋ ಪರೀಕ್ಷೆ) ಮಾಡಿ, ಪಾಸಿಟಿವ್ ಬಂದ ಊರಿಗೆ ಮಾತ್ರ ರಕ್ತಕ್ಕೆ ಹೋಗ್ತೀನಿ.

ಲೆಕ್ಕದ_ಮೇಷ್ಟ್ರು
ಉಳಿದದ್ದೆಲ್ಲ ಚೆನ್ನಾಗಿದೆ ತಾಯಿ, ಕೊನೇ ಸಾಲು ತೆಗೀರಿ. ರಿಂಗ್ ಟೆಸ್ಟಲ್ಲಿ ಪಾಸಿಟಿವ್ ಬಂದ ಊರಿಗೆ ಮಾತ್ರ ಹೋದ್ರೆ ಜಿಲ್ಲೆಯ ಪ್ರತಿಶತ ಹೇಳೋ ಹಕ್ಕು ಹೋಯ್ತು. 74 ಊರಿಗೂ ಹೋಗಿ, ರಿಂಗ್ ಟೆಸ್ಟನ್ನ ಜೊತೆಗೆ ಮಾಡಿ. ಕ್ಯಾನ್ ಹಾಲು ನೋಡಿದ್ರೆ ಊರಿನ ಸ್ಥಿತಿ ಎಷ್ಟರ ಮಟ್ಟಿಗೆ ಗೊತ್ತಾಗುತ್ತೆ ಅನ್ನೋದೇ ಒಂದು ಅಧ್ಯಾಯ ಆಗುತ್ತೆ.

ಯಲಹಂಕ_ಲೈನ್
ಮತ್ತೆ ಆ ಹಾಲನ್ನ ಫ್ರೀಜ್ ಮಾಡಬೇಡಿ, ಕಾಯಿಸಬೇಡಿ, ಜೋರಾಗಿ ಕುಲುಕಬೇಡಿ, 72 ಗಂಟೆ ಮೀರಿಸಬೇಡಿ. ಕೆನೆಯ ಜೊತೆ ಮೇಲೆ ಬರೋ ಬಣ್ಣದ ಉಂಗುರವನ್ನೇ ನಾವು ಓದೋದು, ಕೆನೆ ಕೆಟ್ರೆ ಪರೀಕ್ಷೆಯೇ ಕೆಟ್ಟ ಹಾಗೆ. ಗಿಣ್ಣುಹಾಲು, ಕೆಚ್ಚಲು ಬಾವಿನ ಹಾಲು ಬೆರೆತಿದ್ರೂ ಸುಳ್ಳು ಉಂಗುರ ಬರುತ್ತೆ, ಅದನ್ನ ಡೈರಿ ಕಾರ್ಯದರ್ಶಿ ಹತ್ರ ಕೇಳಿ ಬರ್ಕೊಳ್ಳಿ.

ಮದ್ದೂರು_ಸೀಮೆ
ತೆಗೆದೆ. 74 ಊರಿಗೂ ಹೋಗ್ತೀನಿ. ನೈತಿಕ ಸಮಿತಿಯ ಅರ್ಜಿ ಮಾದರಿ ಯಾರ ಹತ್ರ ಆದ್ರೂ ಇದ್ರೆ ಕಳಿಸಿ, ಈ ವಾರವೇ ಕೂತು ತುಂಬ್ತೀನಿ.